ಆರು ಗಂಟೆಯ ನೀರು

ಪ್ರತಿ ಬುಧವಾರ ಬೆಳಿಗ್ಗೆ ಆರು ಗಂಟೆಗೆ, ಸೂರ್ಯ ಹುಟ್ಟುವ ಮುಂಚೆ, ಮುಂಬೈಯ ಪವಾಯಿ ಕೆರೆಯ ನೀರು ಹಿಡಿದು ತರಬೇಕು. ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ನಗರದ ಆಚೆ ತುದಿಯ ದಹಿಸರ್‌ನಲ್ಲಿರುವ ನೀನು ಅಷ್ಟು ಹೊತ್ತಿಗೆ ಅಲ್ಲಿಗೆ ಹೇಗೆ ಬರುತ್ತೀ, ಯಾರ ಜೊತೆ ಬರುತ್ತೀ ಎಂದು ಕೇಳಲಿಲ್ಲ. ಕೇಳಬೇಕು ಅಂತ ಅನ್ನಿಸಲೂ ಇಲ್ಲ. "ಆರು ಅಂದ್ರ ಆರು. ಏಳಕ್ಕ ತಂದ್ರ ಅದು ಬ್ಯಾರೆ ನೀರು" ಅಂದೆ. ಅವಳು ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಧಾರವಾಡದಲ್ಲಿ ಓದಿ ಮುಂಬೈಗೆ ಬಂದವನು, ಸಯನ್‌ನಲ್ಲಿ ಮನೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಓದುವ ಮಕ್ಕಳಿಗೆ ಆರು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತಾರೆ. ತಿಂಗಳಿಗೆ ಇಷ್ಟು ಅಂತ ಸ್ಟೈಪೆಂಡು, ಮೇಲೆ ಮಾರ್ಗದರ್ಶಕನಾಗಿ ನಮ್ಮಂಥ ಒಬ್ಬ ಅಧ್ಯಾಪಕ. ಮೂರು ತಿಂಗಳಾದ ಮೇಲೆ ಒಂದು ಪರಿಶೀಲನೆ ನಡೆಯುತ್ತದೆ. ಅಲ್ಲಿ ಮಾರ್ಗದರ್ಶಕ ಒಳ್ಳೆಯ ಷರಾ ಬರೆದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಆ ಷರಾ ವಿದ್ಯಾರ್ಥಿಯ ಕಡತದಲ್ಲಿ ಉಳಿಯುತ್ತದೆ. ಮುಂದೆ ಎಂ.ಎಸ್ಸಿ.ಗೋ ಬೇರೆ ಲ್ಯಾಬಿಗೋ ಹೋದರೆ ಅದನ್ನೇ ಮೊದಲು ತೆಗೆದು ನೋಡುತ್ತಾರೆ.

ಸಂದರ್ಶನದಲ್ಲಿ ಆ ಹುಡುಗಿಯನ್ನು ಆರಿಸಿದ್ದು ನಾನೇ. ಎರಡನೇ ವರ್ಷದ ವಿದ್ಯಾರ್ಥಿನಿ, ಕಮ್ಮಿ ಮಾತು, ಕೈ ಬಹಳ ಸ್ಥಿರ. ಮನೆತನ ವಿಜಯಪುರದ ಕಡೆಯದು ಎಂದು ಆಮೇಲೆ ತಿಳಿಯಿತು. ತಿಳಿದದ್ದೇ ತಡ, ಫೆಲೋಶಿಪ್ ಸಮಿತಿಯ ಸಂಚಾಲಕಿ, ನನ್ನ ಮರಾಠಿ ಸಹೋದ್ಯೋಗಿ, ನಕ್ಕು "ಕಾಯ್ ಸರ್, ಆಪಲೀಚ್ ಮುಲಗೀ ನಿವಡಲೀ?" ಅಂದರು. ನಮ್ಮವಳನ್ನೇ ಆರಿಸಿದಿರಲ್ಲ ಎಂಬ ತಮಾಷೆ. ತಮಾಷೆಯೇ, ಆದರೆ ನನಗೆ ಚುಚ್ಚಿತು. ಊರು ಬಿಟ್ಟು ಬಂದ ನಮಗೆಲ್ಲ ಇರುವ ಕಾಯಿಲೆ ಅದು: ನಮ್ಮವರಿಗೆ ನಾವು ಸಹಾಯ ಮಾಡಿದೆವು ಅಂತ ಯಾರೂ ಅನ್ನಬಾರದು. ಆವತ್ತೇ ತೀರ್ಮಾನ ಮಾಡಿಕೊಂಡೆ, ಈ ಹುಡುಗಿಯ ಮೇಲೆ ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಬಿಗಿ ಇರಬೇಕು ಅಂತ. ಅದನ್ನು ನಾನು ನ್ಯಾಯ ಅಂದುಕೊಂಡಿದ್ದೆ.

ಕೆಲಸ ಏನೆಂದರೆ, ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ವಾರವಾರ ಅಳೆಯುವುದು. ಹಗಲಿನಲ್ಲಿ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ರಾತ್ರಿಯೆಲ್ಲ ನೀರಿನೊಳಗಿನ ಸಕಲ ಜೀವಿಗಳೂ ಅದನ್ನು ಉಸಿರಾಡಿ ಖರ್ಚು ಮಾಡುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ಅದು ತೀರಾ ಕಡಿಮೆ ಇರುತ್ತದೆ. ಕೆರೆಯ ನಿಜವಾದ ಆರೋಗ್ಯ ಗೊತ್ತಾಗುವುದು ಆಗಲೇ.

ವಿಧಾನ ಹಳೆಯದು. ಒಂದೇ ಒಂದು ಗುಳ್ಳೆ ಬರದ ಹಾಗೆ ಗಾಜಿನ ಬಾಟಲಿ ತುಂಬಬೇಕು. ಅಲ್ಲಿಯೇ ದಂಡೆಯ ಮೇಲೆ ಎರಡು ರಾಸಾಯನಿಕ ಬಿಟ್ಟು, ಬಿರಡೆ ಮುಚ್ಚಿ, ಹದಿನೈದು ಸಲ ಮೇಲೆ ಕೆಳಗೆ ತಿರುಗಿಸಬೇಕು. ಕಂದು ಬಣ್ಣದ ಗಸಿ ಹುಟ್ಟುತ್ತದೆ. ಅದು ಅರ್ಧಕ್ಕೆ ಇಳಿದ ಮೇಲೆ ಮತ್ತೊಮ್ಮೆ ತಿರುಗಿಸಬೇಕು. ಲ್ಯಾಬಿಗೆ ತಂದು ಆಮ್ಲ ಹಾಕಿದರೆ ಗಸಿ ಕರಗಿ ನೀರು ಹಳದಿಯಾಗುತ್ತದೆ. ಅದಕ್ಕೆ ಬ್ಯುರೆಟ್ ಎಂಬ ಅಳತೆಯ ಕೊಳವೆಯಿಂದ ಸೋಡಿಯಂ ಥಯೋಸಲ್ಫೇಟ್ ಎಂಬ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋಗಬೇಕು. ನಾವು ಅದನ್ನು ಥಯೋ ಎಂದು ಕರೆಯುತ್ತೇವೆ. ಬಣ್ಣ ಪೂರ್ತಿ ಹೋಗಲು ಎಷ್ಟು ಥಯೋ ಬೇಕಾಯಿತು ಎಂಬುದರ ಮೇಲೆ ಆಮ್ಲಜನಕದ ಲೆಕ್ಕ.

ಆ ಥಯೋ ಮಾತ್ರ ನಾನೇ ಮಾಡುತ್ತಿದ್ದೆ. ಧಾರವಾಡದಲ್ಲಿ ನನ್ನ ಗುರುಗಳ ಲ್ಯಾಬಿನಲ್ಲಿ ಅದೇ ಪದ್ಧತಿ. ಅಳತೆಗೋಲಿನಂಥ ದ್ರಾವಣ ಗುರುಗಳ ಕೈಯಿಂದಲೇ ಆಗಬೇಕು, ಚೀಟಿಯ ಮೇಲೆ ಅವರದೇ ಸಹಿ, ಶಿಷ್ಯರು ಬಳಸಬೇಕೇ ಹೊರತು ಅದನ್ನು ಪ್ರಶ್ನಿಸಬಾರದು. ನಾನೂ ಅದನ್ನೇ ನಡೆಸಿಕೊಂಡು ಬಂದೆ. ಅಕ್ಟೋಬರ್‌ನಲ್ಲಿ ಐದು ಲೀಟರ್ ಮಾಡಿದೆ. ಕಂದು ಬಣ್ಣದ ದೊಡ್ಡ ಬಾಟಲಿ ತೊಳೆಯುವಾಗ ಒಡೆದಿತ್ತು, ಹಾಗಾಗಿ ಬಿಳಿ ಗಾಜಿನ ಬಾಟಲಿಗೆ ಸುರಿದು, ಕಿಟಕಿಯ ಪಕ್ಕದ ಹಲಗೆಯ ಮೇಲಿಟ್ಟು, ಸಹಿ ಹಾಕಿದೆ.

ಮೊದಲ ವಾರ ಹುಡುಗಿ ತಂದ ಅಂಕಿ ಲೀಟರಿಗೆ ನಾಲ್ಕು ಪಾಯಿಂಟ್ ಎರಡು ಮಿಲಿಗ್ರಾಂ. ನವೆಂಬರ್‌ನಲ್ಲಿ ನಾಲ್ಕು ಪಾಯಿಂಟ್ ಎಂಟು. ಡಿಸೆಂಬರ್‌ನಲ್ಲಿ ಸುಮಾರು ಆರು. ಚಳಿ ಬಂದಾಗ ನೀರು ಸ್ವಲ್ಪ ಹೆಚ್ಚು ಆಮ್ಲಜನಕ ಹಿಡಿದುಕೊಳ್ಳುತ್ತದೆ ನಿಜ, ಆದರೆ ಇಷ್ಟಲ್ಲ. ಮುಂಬೈಯ ಚಳಿ ಅದೆಂಥ ಚಳಿ!

ಡಿಸೆಂಬರ್‌ನ ಒಂದು ಮಧ್ಯಾಹ್ನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮನೆಯಲ್ಲಿ ಕನ್ನಡ ಕೇಳುತ್ತಾಳೆ, ಆದರೆ ಆಡುವಾಗ ತಡವರಿಸುತ್ತಾಳೆ.

"ಸರ್, ಥಯೋ... ಏಕ್ ಬಾರ್ ಚೆಕ್ ಮಾಡೂಣೇನ್ರಿ? ರೀಡಿಂಗ್ ಬಹಳ ಮ್ಯಾಲೆ ಹೋಗ್ತಾ ಅದ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಆ ಬಾಟ್ಲಿ ನಾ ಮಾಡಿದ್ದು. ನೀ ಹುಟ್ಟೂಕಿಂತ ಮೊದಲಿಂದ ನಾ ಥಯೋ ಮಾಡಾಕತ್ತೀನಿ. ನೀ ನಿನ್ನ ಕೆರಿ ನೋಡ್ಕೋ" ಅಂದೆ. ಪಕ್ಕದಲ್ಲಿದ್ದ ಇಬ್ಬರು ಪಿಎಚ್.ಡಿ. ಹುಡುಗರು ನಕ್ಕರು. ಅವಳೂ ನಗುವ ಪ್ರಯತ್ನ ಮಾಡಿ ಹೊರಟುಹೋದಳು.

ಜನವರಿಯ ಮೊದಲ ಬುಧವಾರದ ಅಂಕಿ ಏಳು ಪಾಯಿಂಟ್ ಒಂದು. ನೋಡಿದೊಡನೆ ನನ್ನ ತಲೆಯಲ್ಲಿ ಎಲ್ಲ ಜೋಡಿಸಿಕೊಂಡಿತು. ಅವಳು ನೀರು ಹಿಡಿಯುವ, ಜಲಕಳೆ ತುಂಬಿದ ಮೂಲೆಯಲ್ಲಿ ಬೆಳಗಿನ ಆರಕ್ಕೆ ಏಳು ಬರುವುದು ಸಾಧ್ಯವೇ ಇಲ್ಲ. ಬಿಸಿಲು ಬಿದ್ದು ಎರಡು ಮೂರು ಗಂಟೆಯಾದ ಮೇಲೆ ಬರುವ ಅಂಕಿ ಅದು. ಅಂದರೆ ಹುಡುಗಿ ಮೊದಮೊದಲು ಆರಕ್ಕೆ ಹೋಗುತ್ತಿದ್ದಳು, ಚಳಿ ಬಂದಂತೆ ಏಳಾಯಿತು, ಎಂಟಾಯಿತು, ಈಗ ಒಂಬತ್ತಕ್ಕೆ ಹೋಗಿ ನೀರು ತುಂಬಿ ಆರು ಗಂಟೆ ಎಂದು ಬರೆಯುತ್ತಿದ್ದಾಳೆ. ಎಷ್ಟು ಚಂದ ಹೊಂದಿಕೊಂಡಿತು! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅವಳನ್ನು ಒಬ್ಬಳನ್ನೇ ಕರೆದು ಕೇಳಬಹುದಿತ್ತು. ಕೇಳಲಿಲ್ಲ. ಎರಡು ದಿನದಲ್ಲಿ ಪರಿಶೀಲನೆ ಇತ್ತು, ಅಲ್ಲೇ ಹಿಡಿಯುತ್ತೇನೆ ಅಂದುಕೊಂಡೆ.

ಪರಿಶೀಲನೆಯ ಕೋಣೆಯಲ್ಲಿ ಸಮಿತಿಯ ಮೂವರು ಮತ್ತು ಅವಳಲ್ಲದೆ ಹನ್ನೊಂದು ಜನ ಫೆಲೋಗಳಿದ್ದರು. ಅವಳು ಮೂರನೇ ಸ್ಲೈಡಿಗೆ ಬರುವಷ್ಟರಲ್ಲಿ ನಾನು ಕೈ ಎತ್ತಿ ನಿಲ್ಲಿಸಿದೆ. ಈ ನೀರು ಎಷ್ಟು ಗಂಟೆಯದು ಎಂದು, ಎಲ್ಲರಿಗೂ ತಿಳಿಯಲಿ ಅಂತ ಹಿಂದಿಯಲ್ಲೇ ಕೇಳಿದೆ.

"ಯೇ ಪಾನೀ ಕಿತನೇ ಬಜೇ ಕಾ ಹೈ?"

"ಛೇ ಬಜೇ, ಸರ್."

"ಸಚ್ ಬೋಲೋ." ನಿಜ ಹೇಳು ಎಂದು ಗದರಿದೆ.

"ಛೇ ಬಜೇ, ಸರ್."

"ಸೂರ್ಯ ಹುಟ್ಟುವ ಮುಂಚೆ ಏಳು ಮಿಲಿಗ್ರಾಂ ಬರಬೇಕಾದರೆ ಆ ಕೆರೆಗೆ ಯಾರೋ ರಾತ್ರಿಯೆಲ್ಲ ಪಂಪ್ ಹಾಕಿ ಗಾಳಿ ಊದಿರಬೇಕು" ಎಂದು ಅದೇ ಹಿಂದಿಯಲ್ಲಿ ಹೇಳಿದೆ. ಮಕ್ಕಳು ನಕ್ಕರು. "ಇದು ಒಂಬತ್ತು ಗಂಟೆಯ ನೀರು. ಲೇಟಾಗಿ ಏಳುವುದು ಪಾಪವಲ್ಲ, ಸುಳ್ಳು ಬರೆಯುವುದು ಪಾಪ. ಕೊನೆಯ ಸಲ ಕೇಳುತ್ತೇನೆ, ಎಷ್ಟು ಗಂಟೆಗೆ?"

ಅವಳು ನನ್ನನ್ನು ನೋಡಲಿಲ್ಲ, ಪರದೆಯ ಮೇಲಿನ ಅಂಕಿಯನ್ನು ನೋಡುತ್ತ ಮೂರನೇ ಸಲವೂ "ಛೇ ಬಜೇ", ಆರು ಗಂಟೆ, ಅಂದಳು. ಧ್ವನಿ ಮಾತ್ರ ಸಣ್ಣದಾಗಿತ್ತು. ನಾನು ಅವಳ ನೋಟ್‌ಬುಕ್ಕನ್ನು ಕೇಳಿ ಪಡೆದು ನನ್ನ ಕಡೆಗೇ ಇಟ್ಟುಕೊಂಡೆ. ನಮೂನೆಯಲ್ಲಿ ಷರಾ ಬರೆದೆ: ದತ್ತಾಂಶದ ಪ್ರಾಮಾಣಿಕತೆ ಸಂಶಯಾಸ್ಪದ, ಮುಂದುವರಿಸಲು ಶಿಫಾರಸಿಲ್ಲ. ಬರೆಯುವಾಗ ಸಂಚಾಲಕಿಯತ್ತ ಒಮ್ಮೆ ನೋಡಿದೆ. ನೋಡಿದಿರಾ, ನಮ್ಮವಳು ಅಂತ ಬಿಟ್ಟೆನೇ, ಎಂಬಂತೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ನಾಲ್ಕು ದಿನದ ಮೇಲೆ ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು.

"ನಮಸ್ಕಾರ್ರೀ ಸರ. ಆ ಕೆರಿ ನೀರು ತರೂ ಹುಡುಗಿ ಅಪ್ಪ ಅದೀನ್ರಿ ನಾ. ದಹಿಸರ್ ಸ್ಟೇಷನ್ ಬಾಜೂಕ ಗುಂಡಿ, ದಾರ, ಲೇಸಿನ ಅಂಗಡಿ ಐತ್ರಿ ನಂದು."

ಕ್ಷಮೆ ಕೇಳಲು ಬಂದಿದ್ದಾರೆ ಅಂದುಕೊಂಡೆ. ಮೆದುವಾಗಿ ಬುದ್ಧಿ ಹೇಳಿ ಕಳಿಸೋಣ ಎಂದು ಕುರ್ಚಿ ತೋರಿಸಿದೆ. ಅವರು ಕೂರಲಿಲ್ಲ.

"ನಿಮ್ಮ ಆಕ್ಸಿಜನ್ನು ಗೀಕ್ಸಿಜನ್ನು ನನಗ ತಿಳಿಯಂಗಿಲ್ರಿ. ಬರಿಯೂದರಾಗ ಅಕಿ ಏನರ ತಪ್ಪ ಮಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ. ಖರೆ ಟೈಮಿಂದು ಮಾತ್ರ ನಾ ಹೇಳತೀನ್ರಿ. ಪ್ರತಿ ಬುಧವಾರ ನಾನೂ ಅಕೀ ಸಂಗಾಟ ಇದ್ದೆ."

"ನೀವ?"

"ಹೂನ್ರಿ. ಕತ್ತಲದಾಗ ಹೆಣ್ಣ ಹುಡುಗೀನ ಒಬ್ಬಾಕಿನ್ನ ಹ್ಯಾಂಗ ಕಳಸೂದ್ರಿ? ಮುಂಜೇಲಿ ಲೋಕಲ್ ಹಿಡದು ಅಂಧೇರಿಗೆ, ಅಲ್ಲಿಂದ ರಿಕ್ಷಾ. ಆರಕ್ಕ ಹತ್ತು ಮಿನಿಟ್ ಇರೂ ಮುಂದ ನೀರಿನ ಬಾಜೂಕ ಇರತಿದ್ವಿ. ಅಲ್ಲೆ ಮೊಸಳಿ ಅದಾವು ಅಂತ ಬೋರ್ಡ ಹಾಕ್ಯಾರ್ರಿ, ಅದಕ್ಕ ಒಂದು ಬಡಿಗಿ ಹಿಡಕೊಂಡು ಹೋಗತಿದ್ದೆ. ಬ್ಯಾಟರಿ ನಾ ಹಿಡಿಯಾಂವ, ಅಕಿ ಬಾಟ್ಲಿ ತುಂಬಾಕಿ. ಎರಡು ಥರಾ ಔಷಧ ಬಿಟ್ಟು ಉಲ್ಟಾ ಸೀದಾ, ಉಲ್ಟಾ ಸೀದಾ, ಹದಿನೈದು ಸಲ. ಎಣಿಸೂ ಕೆಲಸ ನಂದ್ರಿ. ಆ ಕಂದು ಬಣ್ಣ ಅರ್ಧಕ್ಕ ಇಳೀತಂದ್ರ ಮತ್ತೊಮ್ಮೆ ಹದಿನೈದು. ಆಮ್ಯಾಲ ಅಕಿ ಈ ಕಡೆ, ನಾ ಅಂಗಡಿ ತೆಗಿಯಾಕ ಆ ಕಡೆ."

ಗಸಿ ಅರ್ಧಕ್ಕೆ ಇಳಿಯುವುದನ್ನು ಕಾಯದೆ ಓಡಿಬರುವ ಎಂ.ಎಸ್ಸಿ. ಮಕ್ಕಳನ್ನು ನಾನು ವರ್ಷವರ್ಷ ಬೈಯುತ್ತೇನೆ. ಗುಂಡಿ ದಾರ ಮಾರುವ ಈ ಮನುಷ್ಯ ಕತ್ತಲಲ್ಲಿ ಬ್ಯಾಟರಿ ಹಿಡಿದು ಅದನ್ನು ಕಾದಿದ್ದ. ಸಾಕ್ಷಿ ಹೇಳಲು ಬಂದವನು ಕಲಿತು ಬಂದು ಹೇಳುವ ಮಾತಲ್ಲ ಅದು.

"ಆವತ್ತ ಎಲ್ಲಾರ ಮುಂದ ಇದನ್ನ ಯಾಕ ಹೇಳಲಿಲ್ಲ ಅಕಿ?" ಅಂದೆ.

"ಅಪ್ಪನ ಕರಕೊಂಡ ರಿಸರ್ಚ್ ಮಾಡಾಕ ಬರತಾಳ ಅಂತ ಎಲ್ಲಾರೂ ನಗತಾರ ಅಂದ್ಲರಿ." "ಸರ, ನೀವು ದೊಡ್ಡಾವ್ರು. ಬೈರಿ, ಕೆಲಸದಿಂದ ತಗೀರಿ, ನಾವೇನೂ ಅನ್ನಾಂಗಿಲ್ಲ. ಸುಳ್ಳಿ ಅಂತ ಮಾತ್ರ ಬರೀಬ್ಯಾಡ್ರಿ. ಅಕಿ ಮನ್ಯಾಗ ಮಾತ ಬಿಟ್ಟಾಳ."

ಅವರು ಹೋದ ಮೇಲೆ ಲ್ಯಾಬಿಗೆ ಹೋಗಿ ಆ ಬಾಟಲಿಯನ್ನು ಹಲಗೆಯಿಂದ ಇಳಿಸಿದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಅದರ ಮೇಲೇ ಬೀಳುತ್ತಿತ್ತು. ಥಯೋ ಬೆಳಕಿಗೆ ಕೆಡುತ್ತದೆ, ಸೂಕ್ಷ್ಮಜೀವಿ ಸೇರಿದರೆ ಇನ್ನೂ ಬೇಗ ಕೆಡುತ್ತದೆ, ವಾರಕ್ಕೊಮ್ಮೆ ಅದರ ಬಲ ಪರೀಕ್ಷಿಸಬೇಕು. ಎರಡನೇ ವರ್ಷದ ಮಕ್ಕಳಿಗೆ ಇದನ್ನು ಪಾಠ ಮಾಡುವವನು ನಾನೇ. ಶಕ್ತಿ ಕಳೆದುಕೊಂಡ ಥಯೋ ಅದೇ ಬಣ್ಣ ತೆಗೆಯಲು ಹೆಚ್ಚು ಖರ್ಚಾಗುತ್ತದೆ, ಅಂಕಿ ಮೇಲೆ ಹೋಗುತ್ತದೆ.

ಅದರ ಬಲ ಪರೀಕ್ಷಿಸಲು ಡೈಕ್ರೋಮೇಟನ್ನು ತೂಗಿ, ಅಯೊಡೈಡ್ ಮತ್ತು ಆಮ್ಲ ಸೇರಿಸಿ, ಐದು ನಿಮಿಷ ಕತ್ತಲಲ್ಲಿಟ್ಟು, ಥಯೋ ಬಿಡುತ್ತ ಹೋದೆ. ನಿಲ್ಲಬೇಕಾದ ಗೆರೆ ಬಂತು, ದಾಟಿತು, ಕೊನೆ ಗುರುತಿಸಲು ಹಾಕಿದ ಪಿಷ್ಟದ ನೀಲಿ ಹೋಗಲಿಲ್ಲ. ಡೈಕ್ರೋಮೇಟೇ ಸರಿಯಿಲ್ಲ ಎಂದು ಹೊಸ ಡಬ್ಬಿ ಒಡೆದೆ. ನೋಡಿ ನನ್ನ ಬುದ್ಧಿ! ಆಗಲೂ ತಪ್ಪು ಬೇರೆ ಯಾರದೋ ಆಗಿರಲಿ ಎಂದು ಹುಡುಕುತ್ತಿದ್ದೆ. ಎರಡನೇ ಸಲ, ಮೂರನೇ ಸಲ, ಅದೇ ಉತ್ತರ. ಚೀಟಿಯ ಮೇಲೆ ನಾನು ಬರೆದ ಬಲ ಸೊನ್ನೆ ಪಾಯಿಂಟ್ ಸೊನ್ನೆ ಎರಡು ಐದು. ಒಳಗಿದ್ದದ್ದು ಸೊನ್ನೆ ಪಾಯಿಂಟ್ ಸೊನ್ನೆ ಒಂದು ಒಂಬತ್ತು.

ಆಮೇಲೆ ಕಪಾಟಿನ ಬೀಗ ತೆಗೆದು ಅವಳ ನೋಟ್‌ಬುಕ್ಕನ್ನು ಮೊದಲ ಸಲ ಪೂರ್ತಿ ತಿರುವಿ ನೋಡಿದೆ. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಒಂದು ಸಣ್ಣ ಪಟ್ಟಿಯಿತ್ತು. ನಾನು ಹೇಳದಿದ್ದರೂ ಅವಳು ಪ್ರತಿ ವಾರ ಶುದ್ಧ ನೀರಿಗೆ ಚೆನ್ನಾಗಿ ಗಾಳಿ ಊದಿ, ಅದನ್ನೂ ಅಳೆದಿದ್ದಳು. ಅಂಥ ನೀರಿನ ಅಂಕಿ ಯಾವಾಗಲೂ ಎಂಟರ ಹತ್ತಿರವೇ ನಿಲ್ಲಬೇಕು. ಅವಳ ಪಟ್ಟಿಯಲ್ಲಿ ಅಕ್ಟೋಬರ್‌ನಲ್ಲಿ ಎಂಟು ಪಾಯಿಂಟ್ ಎರಡು, ಜನವರಿಯಲ್ಲಿ ಹತ್ತು ಪಾಯಿಂಟ್ ಏಳು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು, ಸರ್ ಅವರನ್ನು ಇನ್ನೊಮ್ಮೆ ಕೇಳಬೇಕು ಎಂದು. ಅದಕ್ಕೆ ಗೆರೆ ಎಳೆದು ಹೊಡೆದುಹಾಕಿದ್ದಳು. ತಪ್ಪನ್ನು ಡಿಸೆಂಬರ್‌ನಲ್ಲೇ ಕಂಡುಹಿಡಿದಿದ್ದಳು ಆ ಮಗು. ಹೇಳಲು ಬಂದಾಗ ನಾನು ನಗೆಪಾಟಲು ಮಾಡಿ ಕಳಿಸಿದ್ದೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಇಷ್ಟಾದ ಮೇಲೂ ನಾನು ಮಾಡಿದ್ದೇನು ಗೊತ್ತೇ? ಸಂಚಾಲಕಿಗೆ ಫೋನ್ ಮಾಡಿ, ದ್ರಾವಣದಲ್ಲಿ ದೋಷ ಕಂಡಿದೆ, ಷರಾ ಬದಲಿಸಬೇಕು ಎಂದೆ. ಅವರು ಒಳ್ಳೆಯ ಮನಸ್ಸಿನಿಂದಲೇ "ಸರ್, ಟೆಕ್ನಿಕಲ್ ಎರರ್ ಲಿಖ್ ದೋ, ಬಾತ್ ಖತಂ" ಅಂದರು, ಹಾಗೆ ಬರೆದರೆ ವಿಷಯ ಮುಗಿಯಿತು ಎಂದು. ಬರೆದೆ. ತಾಂತ್ರಿಕ ದೋಷದಿಂದ ಅಂಕಿಗಳಲ್ಲಿ ವ್ಯತ್ಯಾಸವಾಗಿದೆ, ಸರಿಪಡಿಸಲಾಗಿದೆ, ಫೆಲೋಶಿಪ್ ಮುಂದುವರಿಸಬಹುದು. ಯಾರ ದೋಷ, ಯಾರು ಸರಿಪಡಿಸಿದ್ದು, ಒಂದೂ ಇಲ್ಲ. ಅಧ್ಯಾಪಕನಾಗಿ ಇಂಥ ವಾಕ್ಯ ಕಟ್ಟುವುದು ನನಗೆ ಚೆನ್ನಾಗಿ ಬರುತ್ತದೆ.

ಮರುದಿನ ಹುಡುಗಿಯನ್ನು ಕರೆಸಿದೆ. ಬಾಗಿಲ ಹತ್ತಿರವೇ ನಿಂತಳು.

"ಥಯೋ ಕೆಟ್ಟಿತ್ತು. ನಿನ್ನ ಅಂಕಿ ಎಲ್ಲಾ ತಿದ್ದಿದ್ರ ಸರಿ ಬರತಾವ. ಜನವರೀದು ಐದು ಪಾಯಿಂಟ್ ನಾಕು. ಷರಾನೂ ಬದಲಿ ಮಾಡೀನಿ" ಅಂದೆ.

"ಓಕೆ ಸರ್." ನೋಟ್‌ಬುಕ್ಕು ತೆಗೆದುಕೊಂಡಳು. ಹೋಗಲಿಲ್ಲ. "ಸರ್, ಆ ರೂಮಿನ್ಯಾಗ ಇದ್ರಲ್ಲ... ವೋ ಲೋಗ್. ಅವರಿಗೆ ಮಾಲೂಮ್ ಅದ?"

ಅವಳು ನೆಲ ನೋಡುತ್ತ ಮುಂದುವರಿಸಿದಳು. "ಕ್ಯಾಂಟೀನ್‌ನಾಗ ನನಗ 'ನೌ ಬಜೇವಾಲೀ' ಅಂತಾರೆ."

ಒಂಬತ್ತು ಗಂಟೆಯವಳು. ನಾನು ಇಟ್ಟ ಹೆಸರು ಅದು. ಕಡತದ ಷರಾವನ್ನು ನಾನು ಕೋಣೆಯಲ್ಲಿ ಕೂತು ಬದಲಿಸಿದ್ದೆ. ಆದರೆ ಹನ್ನೊಂದು ಜನರ ಬಾಯಲ್ಲಿ ಅವಳು ಇನ್ನೂ ಸುಳ್ಳಿಯೇ ಆಗಿದ್ದಳು.

ಅವಳು ಹೋದ ಮೇಲೆ ಸಂಚಾಲಕಿಗೆ ಮತ್ತೆ ಫೋನ್ ಮಾಡಿದೆ. ಶುಕ್ರವಾರ ಎಲ್ಲ ಫೆಲೋಗಳ ಸಭೆ ಇರುತ್ತದೆ, ಅದೇ ಕೋಣೆಯಲ್ಲಿ ನನಗೆ ಹತ್ತು ನಿಮಿಷ ಬೇಕು ಎಂದೆ. "ಯಾಕೆ ಸರ್? ಮಕ್ಕಳ ಮುಂದೆ ಮೆಂಟರ್ ಹೀಗೆಲ್ಲ ಮಾಡಿದರೆ ನಾಳೆ ಯಾರ ಮಾತು ಯಾರು ಕೇಳುತ್ತಾರೆ?" ಎಂದು ಅವರು ಹಿಂದಿಯಲ್ಲಿ ಗೊಣಗಿದರು. ನನಗೂ ಅದೇ ಭಯವಿತ್ತು. ಆದರೂ ಹೋದೆ.

ಬಾಟಲಿಯನ್ನು ಜೊತೆಗೆ ಒಯ್ದಿದ್ದೆ. ಮೇಜಿನ ಮೇಲಿಟ್ಟು, ಇದರ ಮೇಲಿರುವ ಸಹಿ ನನ್ನದು ಎಂದೆ. ಬಿಳಿ ಗಾಜಿನಲ್ಲಿ, ಬಿಸಿಲಿನಲ್ಲಿ, ಮೂರು ತಿಂಗಳು ಪರೀಕ್ಷೆಯಿಲ್ಲದೆ ಇಟ್ಟವನು ನಾನು. ಈ ವಿದ್ಯಾರ್ಥಿನಿ ಡಿಸೆಂಬರ್‌ನಲ್ಲೇ ಪರೀಕ್ಷಿಸೋಣ ಎಂದು ಕೇಳಿದ್ದಳು, ನಾನು ಗದರಿಸಿದೆ. ಅವಳು ಒಂದೇ ಒಂದು ಬುಧವಾರವೂ ತಡ ಮಾಡಿಲ್ಲ. ಇದೇ ಕೋಣೆಯಲ್ಲಿ ನಿಮ್ಮ ಮುಂದೆ ಅವಳು ಮೂರು ಸಲ ನಿಜ ಹೇಳಿದಳು, ಮೂರು ಸಲವೂ ನಾನು ಅವಳನ್ನು ಸುಳ್ಳುಗಾತಿ ಮಾಡಿದೆ. ತಪ್ಪು ನನ್ನದು, ಕ್ಷಮೆ ಕೇಳುತ್ತೇನೆ. ಹತ್ತು ನಿಮಿಷ ಬೇಡವಾಯಿತು, ಮೂರರಲ್ಲಿ ಮುಗಿಯಿತು. ಯಾರದೋ ಫೋನ್ ಗುಂಯ್‌ಗುಟ್ಟಿತು. ಸಂಚಾಲಕಿ "ಥ್ಯಾಂಕ್ಯೂ ಸರ್, ನೆಕ್ಸ್ಟ್" ಅಂದರು. ಹುಡುಗಿ ಹಿಂದಿನ ಸಾಲಿನಲ್ಲಿ ಕೂತು ತನ್ನ ನೋಟ್‌ಬುಕ್ಕಿನ ಅಂಚನ್ನು ನೇರ ಮಾಡುತ್ತಿದ್ದಳು.

ಆ ವಾರದಿಂದ ಥಯೋ ಅವಳೇ ಮಾಡುತ್ತಾಳೆ. ಕಂದು ಬಾಟಲಿ, ಅವಳ ಸಹಿ, ಮಾಡಿದ ತಾರೀಖು, ಪರೀಕ್ಷಿಸಿದ ತಾರೀಖು. ಯಾರೂ ಒಬ್ಬರೇ ನೀರಿಗೆ ಹೋಗಬಾರದು ಎಂದು ಕಾಗದದ ಮೇಲೆ ನಿಯಮ ಮಾಡಿಸಿದೆ. ಫೆಬ್ರವರಿಯ ಮೊದಲ ಬುಧವಾರ ಸಯನ್‌ನಿಂದ ಟ್ಯಾಕ್ಸಿ ಮಾಡಿಕೊಂಡು ನಾನೂ ಕೆರೆಗೆ ಹೋದೆ. ಮೊದಲ ಸಲ. ಅಷ್ಟು ಕತ್ತಲಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಮಗಳು ಆಗಲೇ ಬಂದಿದ್ದರು. ಅವರ ಕೈಯಲ್ಲಿ ಬಡಿಗೆ, ಬ್ಯಾಟರಿ. ಬ್ಯಾಟರಿ ನಾನು ಹಿಡಿಯುತ್ತೇನೆ ಅಂದೆ. "ಇರಲಿ ಬಿಡ್ರಿ ಸರ, ಇದು ನಂದ ಡ್ಯೂಟಿ" ಅಂದರು, ಕೊಡಲಿಲ್ಲ.

ಅವಳು ಬಾಟಲಿಯನ್ನು ನೀರಿನೊಳಗೆ ಓರೆಯಾಗಿ ಇಳಿಸಿ ತುಂಬಿದಳು, ಒಂದು ಗುಳ್ಳೆಯಿಲ್ಲ. ಔಷಧ ಬಿಟ್ಟು ತಿರುಗಿಸತೊಡಗಿದಳು. ಅಪ್ಪ ಮೆಲ್ಲಗೆ ಎಣಿಸುತ್ತಿದ್ದರು. ಹದಿಮೂರು, ಹದಿನಾಕು, ಹದಿನೈದು. ಗಸಿ ಇಳಿಯಲು ಕಾಯುತ್ತ ಮೂವರೂ ನಿಂತೆವು.

"ಸರ್, ಒಂದ್ ಕೇಳ್ಲೇನ್ರಿ?" ಅಂದಳು. "ಪಪ್ಪಾ ಆ ದಿನ ಬರ್ಲಿಲ್ಲಂದ್ರೆ... ನೀವು ಬಾಟಲ್ ಚೆಕ್ ಮಾಡ್ತಿದ್ರಿ?"

ಅವಳ ಅಪ್ಪ ಮುಖ ತಿರುಗಿಸಿ ನೀರಿನ ಕಡೆ ನೋಡಿದರು. ಹೌದು ಅನ್ನಬಹುದಿತ್ತು. ಇವತ್ತಲ್ಲ ನಾಳೆ ಗೊತ್ತಾಗುತ್ತಿತ್ತು ಅನ್ನಬಹುದಿತ್ತು.

"ಇಲ್ಲ" ಅಂದೆ.

ಅವಳು ತಲೆಯಾಡಿಸಿದಳು. ಗಸಿ ಅರ್ಧಕ್ಕೆ ಇಳಿದಿತ್ತು. ಮತ್ತೆ ಹದಿನೈದು ಸಲ ತಿರುಗಿಸಿ, ಬಾಟಲಿಯನ್ನು ಡಬ್ಬಿಯಲ್ಲಿಟ್ಟು, ನೋಟ್‌ಬುಕ್ಕು ತೆರೆದಳು. ನಾನು ನನ್ನ ಗಡಿಯಾರ ನೋಡಿ, ನೀರು ತುಂಬಿದ್ದು ಆರು ಗಂಟೆ ನಾಲ್ಕು ನಿಮಿಷಕ್ಕೆ ಎಂದು ಹೇಳಿದೆ. ಅವಳು ಬರೆಯಲಿಲ್ಲ. ಜೇಬಿನಿಂದ ತನ್ನ ಮೊಬೈಲು ತೆಗೆದು, ಅದರಲ್ಲಿ ತಾನೇ ಗುರುತು ಮಾಡಿಟ್ಟುಕೊಂಡಿದ್ದ ಸಮಯವನ್ನು ನೋಡಿದಳು. ಆಮೇಲೆ ಬರೆದಳು.